ಒಂದೇ ಹಲಗೆಯ ಎರಡು ಗಿಟಾರು: ಒಂಬತ್ತನೆಯ ಕಂತು

ಇಪ್ಪತ್ತೆರಡು ವರ್ಷದ ಹಿಂದೆ ಆ ಎರಡು ಗಿಟಾರುಗಳನ್ನು ಮಾಡಿಸಿದಾಗ ಒಂದೊಂದಕ್ಕೂ ಗಿಟಾರ್ ಮೇಷ್ಟರ ಮೂರು ತಿಂಗಳ ಸಂಪಾದನೆ ಹೋಗಿತ್ತು. ಇವತ್ತು ಬೆಳಿಗ್ಗೆ ಅವುಗಳ ದನಿಯನ್ನು ಹೋಲಿಸಿ ನೋಡಲು ತಗುಲಿದ ಖರ್ಚು ಬಲು ಕಡಿಮೆ. ರೇಡಿಯೋ ಕಲಾವಿದನಿಗೆ ಬಸ್ ಚಾರ್ಜು, ಎರಡು ಕಪ್ ಕಾಫಿ, ಪರದೆ ಕಟ್ಟಲು ಎರಡು ಹಳೇ ಬೆಡ್‌ಶೀಟು. ದುಬಾರಿಯಾದದ್ದು ಒಂದೇ. ಮೇಷ್ಟರ ಮಗಳ ಕಿವಿ ಸೋತರೆ ಅಪ್ಪನ ಸಾವಿನ ಫೈಲನ್ನು ಅವಳೇ ಸಹಿ ಹಾಕಿ ಮುಚ್ಚಿಸಬೇಕು. ಹಾಗೆಂದು ಇನ್ಸ್‌ಪೆಕ್ಟರಿಗೆ ಮಾತು ಕೊಟ್ಟಾಗಿತ್ತು.

"ಎರಡನೇದು," ಅಂದಳು ಹುಡುಗಿ. ಪರದೆಗೆ ಬೆನ್ನು ಹಾಕಿ ಕೂತವಳ ಮುಖ ಅರಳಿತ್ತು. "ಎರಡನೇದೇ ಅಪ್ಪಂದು. ನಂಗೆ ಯಾವ ಅನುಮಾನಾನೂ ಇಲ್ಲ."

ರೇಡಿಯೋ ಕಲಾವಿದ ಪರದೆಯ ಮೇಲಿಂದ ಎರಡನೇ ನಂಬರಿನ ಚೀಟಿ ಕಟ್ಟಿದ್ದ ಗಿಟಾರನ್ನು ಎತ್ತಿ ತೋರಿಸಿದ. ಅದರ ಪಕ್ಕದ ಹಲಗೆಯಲ್ಲಿ ಬೆರಳುದ್ದದ ಬಿರುಕಿತ್ತು.

ಇನ್ಸ್‌ಪೆಕ್ಟರು ಮುಂದಕ್ಕೆ ಬಾಗಿ ನೋಡಿದರು.

ಮೂರು ವಾರದ ಹಿಂದೆ, ಮನೆಯಿಂದ ಈ ಪಾಠದ ಹಾಲ್‌ಗೆ ಇಳಿಯುವ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದ ಗಿಟಾರ್ ಮೇಷ್ಟರ ಮೈಯಡಿ ಸಿಕ್ಕಿದ್ದು ಅದೇ ಬಿರುಕಿನ ಗಿಟಾರು. 'ಇದು ಅಪ್ಪಂದಲ್ಲ, ಇದರ ದನಿ ತೀರಾ ಹೊಸದು, ಯಾರೋ ಬದಲಾಯಿಸಿದ್ದಾರೆ' ಎಂದು ಠಾಣೆಗೆ ಹೋಗಿ ಬರೆದುಕೊಟ್ಟವಳೂ ಇದೇ ಹುಡುಗಿ. ಅದು ಅಪ್ಪನದೇ ಆದರೆ, ತಮ್ಮ ವಾದ್ಯ ಹಿಡಿದು ಇಳಿಯುವಾಗ ಮೇಷ್ಟರ ಕಾಲು ಜಾರಿತು, ಅಷ್ಟೇ. ಅಲ್ಲವಾದರೆ, ಅದರ ಜೋಡಿಯ ಒಡೆಯನನ್ನು ಕೂರಿಸಿಕೊಂಡು ಕೆಲವು ಪ್ರಶ್ನೆ ಕೇಳಬೇಕಾಗುತ್ತಿತ್ತು.

ಜೋಡಿಯ ಒಡೆಯ ಹುಡುಗಿಯ ಸೋದರಮಾವ. ಭಾವನ ಜೊತೆ ಇದೇ ಹಾಲ್‌ನಲ್ಲಿ ಇಪ್ಪತ್ತೆರಡು ವರ್ಷ ಪಾಠ ಹೇಳಿಕೊಟ್ಟವನು. ಬಿರುಕನ್ನು ಕಂಡದ್ದೇ ಅವನ ಹುಬ್ಬು ಹಣೆಯ ಅರ್ಧಕ್ಕೆ ಏರಿತು. ಚೀಟಿಯಮ್ಮ ಅದನ್ನು ನೋಡಿದಳು. ಎಂಥಾ ನಾಟಕ ಆಡ್ತಾನಪ್ಪ, ಅಂದುಕೊಂಡಳು.

ರೈಲ್ವೆ ನಿಲ್ದಾಣದಲ್ಲಿ, ಕಳೆದುಹೋದ ಸಾಮಾನಿನ ಕೊಠಡಿಯಲ್ಲಿ ಮೂವತ್ತೊಂದು ವರ್ಷ ಚೀಟಿ ಕಟ್ಟಿ ಕಟ್ಟಿ ಅವಳಿಗೆ ಆ ಹೆಸರು ಅಂಟಿತ್ತು. ನಿವೃತ್ತಿಯಾದ ಮೇಲೂ ಜನ ಬಿಡಲಿಲ್ಲ. ಕಳೆದದ್ದನ್ನು ಹುಡುಕಿಕೊಡಿ ಎಂದು ಮನೆ ಬಾಗಿಲಿಗೆ ಬರುತ್ತಿದ್ದರು. ಒಂಬತ್ತು ದಿನ ಮುಚ್ಚಿಟ್ಟ ಊಟದ ಡಬ್ಬಿಗಳನ್ನು ಮೂಗು ಮುಚ್ಚದೆ ತೆರೆದ ಹೆಂಗಸು ಅವಳು. ಆದರೆ ಈ ಹಾಲ್‌ನಲ್ಲಿ ಬೆಳಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಕುರ್ಚಿಗಳ ಬೆನ್ನಿಗೆ ವರ್ಷಾನುಗಟ್ಟಲೆಯ ತಲೆ ಎಣ್ಣೆ ಜಿಡ್ಡುಗಟ್ಟಿತ್ತು. ಗಿಟಾರ್ ಪೆಟ್ಟಿಗೆಗಳಿಂದ ಬೂಷ್ಟಿನ ವಾಸನೆ ಬರುತ್ತಿತ್ತು. ಅದನ್ನೆಲ್ಲ ಅವಳು ಸಹಿಸಬಲ್ಲಳು. ಸಹಿಸಲಾಗದ್ದು ಆ ಮಾವನನ್ನು.

ಅವನು ಕರ್ಚೀಫು ತೆಗೆದು ಜೋರಾಗಿ ಮೂಗು ಸೀಟಿಕೊಂಡ. ಅದನ್ನೇ ಮಡಿಚಿ, ಸೊಸೆಯ ಮುಂದೆ ಮಂಡಿಯೂರಿ, ಅದೇ ಬಟ್ಟೆಯಲ್ಲಿ ಅವಳ ಕೆನ್ನೆ ಒರೆಸಿದ.

"ಅಳಬೇಡ ಕಂದ. ನಿನ್ನ ತಪ್ಪೇನೂ ಇಲ್ಲ. ದುಃಖಕ್ಕೆ ಕಿವಿ ಕೆಡುತ್ತೆ. ಮಾವನ ಮೇಲೆ ಅನುಮಾನ ಪಟ್ಟೆ, ಪರವಾಗಿಲ್ಲ. ನಾನು ಮನಸ್ಸಿನಲ್ಲಿ ಇಟ್ಕೊಳ್ಳಲ್ಲ."

"ನಾನು ಅಳ್ತಾ ಇಲ್ಲ ಮಾವ," ಅಂದಳು ಹುಡುಗಿ, ಮುಖ ಹಿಂದಕ್ಕೆಳೆದುಕೊಂಡು. ಆಮೇಲೆ ಬಿರುಕನ್ನು ನೋಡಿದಳು. ಆಗ ನಿಜವಾಗಿಯೂ ಅತ್ತಳು.

ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡರು. "ಆಯ್ತಲ್ಲ ಚೀಟಿಯಮ್ಮ. ನೀವು ಹೇಳಿದ ಹಾಗೇ ಪರೀಕ್ಷೆ ಆಯ್ತು. ಫೈಲು ಜೀಪಿನಲ್ಲೇ ಇದೆ, ತರಿಸ್ತೀನಿ."

"ತರಿಸಿ ಸಾಹೇಬ್ರೇ. ಜೀಪು ಎಲ್ಲಿಗೂ ಓಡಿ ಹೋಗಲ್ಲ. ಐದು ನಿಮಿಷ ಕೂತ್ಕೊಳ್ಳಿ."

"ಇನ್ನೇನಿದೆ?"

"ಅದೇ ನಂಗೂ ಗೊತ್ತಿಲ್ಲ."

ಹುಡುಗಿಯ ತಾಯಿ ಬಾಗಿಲ ಪಕ್ಕದ ಕೊಡದಿಂದ ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು. ಮೇಲಿನ ಮನೆಯ ಹಿಂದಿನ ಕೋಣೆಯಲ್ಲಿ ಪುಸ್ತಕಕ್ಕೆ ಬೈಂಡ್ ಹಾಕುವುದು ಅವಳ ಕೆಲಸ. ಉಗುರುಸಂದಿಯಲ್ಲಿ ಒಣಗಿದ ಅಂಟು ಯಾವತ್ತೂ ಹೋಗುತ್ತಿರಲಿಲ್ಲ. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಪಾಪ, ಗಂಡ ಹೋದ, ಈಗ ಮಗಳು ತಮ್ಮನ ಮೇಲೆ ತಿರುಗಿಬಿದ್ದಿದ್ದಾಳೆ, ಯಾರ ಕಡೆ ನಿಂತಾಳು ಎಂದು ಚೀಟಿಯಮ್ಮನಿಗೆ ಅಯ್ಯೋ ಅನ್ನಿಸಿತ್ತು.

ಚೀಟಿಯಮ್ಮ ಹುಡುಗಿಯ ಮಡಿಲಲ್ಲಿದ್ದ ನೋಟ್‌ಬುಕ್ಕನ್ನು ಎತ್ತಿಕೊಂಡಳು. ಅಮ್ಮನೇ ಹೊಲಿದುಕೊಟ್ಟ ದಪ್ಪ ರಟ್ಟಿನ ಪುಸ್ತಕ. ಕಲಾವಿದ ಒಂದೊಂದು ಗಿಟಾರನ್ನೂ ಮೂರು ಸಲ ನುಡಿಸಿದ್ದ. ಮೊದಲು ದಪ್ಪ ತಂತಿಗಳನ್ನು ಬಿಡಿಬಿಡಿಯಾಗಿ, ಆಮೇಲೆ ಒಂದೇ ಪುಟ್ಟ ರಾಗ, ಕೊನೆಗೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಮೀಟಿ ಸದ್ದು ಸಾಯುವ ತನಕ. ಹುಡುಗಿ ಪ್ರತಿ ಸಲವೂ ಬರೆದುಕೊಂಡಿದ್ದಳು.

ಒಂದು: ಗಾಜು. ಜೋರು. ಹತ್ತು ಎಣಿಸಿದರೂ ನಿಲ್ಲಲಿಲ್ಲ.

ಎರಡು: ಕಂಬಳಿ ಹೊದ್ದ ಹಾಗೆ. ಆರಕ್ಕೆ ನಿಂತಿತು. ಅಪ್ಪ.

"ಕಲಾವಿದರೇ, ನಿಮಗೇನು ಕೇಳಿಸ್ತು?"

ಕಲಾವಿದ ಕಣ್ಣು ಅರೆಮುಚ್ಚಿದ. "ಮೊದಲನೇದರಲ್ಲಿ ಬೆಳಗಿನ ಬಿಸಿಲಿದೆಯಮ್ಮ. ಎರಡನೇದರಲ್ಲಿ ಸಂಜೆಯ ನಿಟ್ಟುಸಿರಿದೆ. ಆ ಮರಕ್ಕೆ ತನ್ನ ಯಜಮಾನ ಹೋದದ್ದು ಗೊತ್ತಾಗಿದೆ."

ಚೀಟಿಯಮ್ಮ ಮುಖ ಸಿಂಡರಿಸಿದಳು. ಸತ್ತವನ ಮಗಳೆದುರು ಕೂತು ಇಷ್ಟು ಸಿಹಿ ಹಚ್ಚುವುದು ಹೇಗೆ ಸಾಧ್ಯವೋ.

"ಒಂದೇ ಹಲಗೆಯಿಂದ ಕೊಯ್ದ ಮರ ಅಲ್ವೇ ಎರಡೂ? ಒಂದಕ್ಕೆ ಬಿಸಿಲು, ಒಂದಕ್ಕೆ ನಿಟ್ಟುಸಿರು ಎಲ್ಲಿಂದ ಬಂತು? ಕವಿತೆ ಬಿಟ್ಟು ಹೇಳಿ."

ಕಲಾವಿದ ಕಣ್ಣು ತೆರೆದ. ಕೆಮ್ಮಿದ. "ನಿಜ ಹೇಳಬೇಕು ಅಂದ್ರೆ... ಮೊದಲನೇದರ ತಂತಿ ಹೊಸದು. ಎರಡನೇದರದು ಸತ್ತ ತಂತಿ. ಎರಡು ವರ್ಷಾನಾದ್ರೂ ಆಗಿರುತ್ತೆ."

"ಅಪ್ಪ ತಂತಿ ಬದಲಾಯಿಸ್ತಾನೇ ಇರಲಿಲ್ಲ," ಅಂದಳು ಹುಡುಗಿ. "ಕಿತ್ತುಹೋಗಲಿ ಆಮೇಲೆ ನೋಡೋಣ ಅಂತಿದ್ದ."

"ಸರಿ," ಅಂದಳು ಚೀಟಿಯಮ್ಮ. "ಹಾಗಾದ್ರೆ ನೀನು ಅಪ್ಪನ ಗಿಟಾರು ಹುಡುಕಲಿಲ್ಲ ಪುಟ್ಟಿ. ಅಪ್ಪನ ತಂತಿ ಹುಡುಕಿದೆ."

ಅವಳು ಇನ್ಸ್‌ಪೆಕ್ಟರ ಕಡೆ ತಿರುಗಿದಳು. "ಸಾಹೇಬ್ರೇ, ಈ ಬಿರುಕಿನ ಗಿಟಾರಿನ ದನಿ ತೀರಾ ಹೊಸದು ಅಂತ ಮೂರು ವಾರದ ಹಿಂದೆ ಈ ಹುಡುಗಿ ನಿಮ್ಮ ಕೈಗೇ ಬರೆದುಕೊಟ್ಟಿದ್ದಾಳೆ. ಹೊಸದು ಮೂರು ವಾರದಲ್ಲಿ ಎರಡು ವರ್ಷದ ಮುದುಕ ಆಗುತ್ತಾ?"

ಇನ್ಸ್‌ಪೆಕ್ಟರು ಗಡಿಯಾರ ನೋಡುವುದನ್ನು ನಿಲ್ಲಿಸಿದರು.

ಚೀಟಿಯಮ್ಮ ಬಿರುಕಿನ ಗಿಟಾರನ್ನು ಮಡಿಲಿಗೆ ಹಾಕಿಕೊಂಡಳು. ಒಂದು ಸ್ವರವನ್ನೂ ನುಡಿಸಲು ಬಾರದವಳು. ಆದರೆ ಕೈಗಡಿಯಾರಗಳನ್ನು ಕಂಡವಳು. ನಿಲ್ದಾಣದಲ್ಲಿ ಒಂದೇ ಗಡಿಯಾರಕ್ಕೆ ಇಬ್ಬರು ಹಕ್ಕುದಾರರು ಬಂದಾಗ ಅವಳು ನೋಡುತ್ತಿದ್ದದ್ದು ಬೆಲ್ಟನ್ನು. ವರ್ಷಗಟ್ಟಲೆ ಕಟ್ಟಿದ ಬೆಲ್ಟಿಗೆ ಬಕ್ಕಲ್ ಕೂರುವ ಜಾಗದಲ್ಲಿ ಮಡಿಕೆ ಬಿದ್ದಿರುತ್ತದೆ. ಬೇರೆ ಗಡಿಯಾರದಿಂದ ಕಿತ್ತು ಹಾಕಿದ ಬೆಲ್ಟಿನ ಮಡಿಕೆ ಬಕ್ಕಲಿಗೆ ಸರಿಯಾಗಿ ಕೂರುವುದೇ ಇಲ್ಲ.

ಅವಳು ದಪ್ಪ ತಂತಿಯ ಅಡಿಯಲ್ಲಿ ಉಗುರು ತೂರಿಸಿ ಮೆಲ್ಲಗೆ ಎಳೆದಳು. ಎರಡು ವರ್ಷದ ಬೆವರು, ಸತ್ತ ಚರ್ಮ, ಕಪ್ಪು ಜಿಗುಟು ಉಗುರಿಗೆ ಬಂತು. ಸತ್ತವನ ಬೆರಳಿನ ಕೊಳೆ. ಒರೆಸಿಕೊಳ್ಳಲೂ ಮನಸ್ಸು ಬರಲಿಲ್ಲ, ಇಟ್ಟುಕೊಳ್ಳಲೂ ಬರಲಿಲ್ಲ.

ಉಗುರು ಒಂದು ಕಡೆ ತಡೆಯಿತು.

"ಇಲ್ಲೊಂದು ಗುಳಿ ಇದೆ."

"ಇರುತ್ತಮ್ಮ," ಅಂದ ಕಲಾವಿದ. "ಗಿಟಾರಿನ ಕತ್ತಿನ ಮೇಲೆ ಅಡ್ಡ ಪಟ್ಟಿಗಳಿವೆಯಲ್ಲ, ಬೆರಳು ಒತ್ತಿದಾಗಲೆಲ್ಲ ತಂತಿ ಆ ಪಟ್ಟಿಗೆ ತಗಲುತ್ತೆ. ಹಳೇದಾದ ಮೇಲೆ ಅಲ್ಲಿ ಸವೆದು ಗುಳಿ ಬೀಳುತ್ತೆ."

"ಅಂದ್ರೆ ಗುಳಿ ಪಟ್ಟಿಯ ನೆತ್ತಿಗೇ ಇರಬೇಕು?"

"ಸರಿಯಾಗಿ ನೆತ್ತಿಗೆ."

"ಬನ್ನಿ, ನೋಡಿ."

ಕಲಾವಿದ ಬಗ್ಗಿದ. ಉಗುರಾಡಿಸಿದ. ಇನ್ನೊಂದು ತಂತಿ, ಮತ್ತೊಂದು. ಅವನ ಮುಖದಿಂದ ಸಂಜೆಯ ನಿಟ್ಟುಸಿರೆಲ್ಲ ಇಳಿದುಹೋಯಿತು.

"ಮೂರು ದಪ್ಪ ತಂತಿಯಲ್ಲೂ ಗುಳಿ ಅಕ್ಕಿಕಾಳಿನಷ್ಟು ಪಕ್ಕಕ್ಕಿದೆ. ಇವು ಈ ಗಿಟಾರಿನ ಮೇಲೆ ಹಳೇದಾದ ತಂತಿಗಳಲ್ಲ. ಎಲ್ಲಿಂದಲೋ ಬಿಚ್ಚಿ ತಂದು ಕಟ್ಟಿದ್ದಾರೆ."

"ಎಲ್ಲಿಂದಲೋ ಯಾಕೆ? ಪಕ್ಕದಲ್ಲೇ ಇದೆಯಲ್ಲ, ಒಡಹುಟ್ಟಿದ್ದು."

ಚೀಟಿಯಮ್ಮ ಮಾವನನ್ನು ನೋಡಿದಳು. ಅವನು ಕರ್ಚೀಫಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ.

"ನೀವು ನಿಮ್ಮ ಗಿಟಾರಿಗೆ ತಂತಿ ಹಾಕಿದ್ದು ಯಾವಾಗ?"

"ನಾನಾ? ಭಾವ ಹೋದ ಮೇಲೆ ನಾನು ಪೆಟ್ಟಿಗೆ ತೆರೆದೇ ಇಲ್ಲ ತಾಯಿ. ಕೈ ಬರಲಿಲ್ಲ. ನಿನ್ನೆ ಸಂಜೆ ಇನ್ಸ್‌ಪೆಕ್ಟರ ಎದುರಿಗೇ ಪೆಟ್ಟಿಗೆ ಸಮೇತ ತಂದು ಇಲ್ಲಿಟ್ಟೆ."

"ಎರಡೂ ರಾತ್ರಿಯಿಡೀ ಇಲ್ಲೇ ಒಂದೇ ಗಾಳಿ ಕುಡಿಯಲಿ, ಇಲ್ಲಾಂದ್ರೆ ಮರದ ದನಿ ವ್ಯತ್ಯಾಸ ಆಗುತ್ತೆ ಅಂತ ನಾನೇ ಹೇಳಿದ್ದೆ," ಎಂದ ಕಲಾವಿದ ತಪ್ಪಿತಸ್ಥನ ಹಾಗೆ.

"ಹಾಲ್‌ನ ಬೀಗದ ಕೈ ಎಷ್ಟಿದೆ?"

"ಎರಡು," ಅಂದರು ಇನ್ಸ್‌ಪೆಕ್ಟರು. "ಒಂದು ಈ ಮಾವನವರ ಹತ್ತಿರ. ಇನ್ನೊಂದು ಮೇಲೆ ಮನೆಯಲ್ಲಿ, ಗೋಡೆ ಮೊಳೆಯಲ್ಲಿ."

"ಮೂರು ವಾರ ತೆರೆಯದ ಪೆಟ್ಟಿಗೆ," ಅಂದಳು ಚೀಟಿಯಮ್ಮ. ಮೊದಲ ನಂಬರಿನ ಗಿಟಾರನ್ನು ಎತ್ತಿ ಮಾವನ ಮೂಗಿನಡಿ ಹಿಡಿದಳು. "ಅದರೊಳಗಿನ ಗಿಟಾರಿಗೆ ಪ್ಯಾಕೆಟ್ಟಿಂದ ಈಗಷ್ಟೇ ತೆಗೆದ ತಂತಿ. ಒಂದು ಕಲೆ ಇಲ್ಲ, ಒಂದು ಗುಳಿ ಇಲ್ಲ. ಯಾರು ಬಂದು ಹಾಕಿದ್ರು ಮಾವನವರೇ, ದೆವ್ವವಾ?"

"ನಂಗೆ ಗೊತ್ತಿಲ್ಲ."

"ಸೊಸೆಯ ಕಿವಿಗೆ ಹೆದರಿದ್ದು ಯಾರು? ನೀವು ತಾನೇ? ಭಾವನ ಗಿಟಾರು ನಿಮ್ಮ ಪೆಟ್ಟಿಗೇಲಿತ್ತು. ಅವಳು ಕೇಳಿದ ತಕ್ಷಣ ಹಿಡೀತಾಳೆ ಅಂತ ಗೊತ್ತಿತ್ತು. ಅದಕ್ಕೆ ಸತ್ತವನ ತಂತಿ ಬಿಚ್ಚಿ ಇದಕ್ಕೆ ಕಟ್ಟಿದ್ರಿ. ಅಪ್ಪನ ದನಿಯಿಂದಲೇ ಮಗಳಿಗೆ ಮೋಸ. ಥೂ! ನಾನು ಕೊಳೆತ ಮೀನಿನ ಬುಟ್ಟಿಗೆ ಚೀಟಿ ಕಟ್ಟಿದ್ದೀನಿ ಮಾರಾಯ್ರೇ, ಅದೂ ಇಷ್ಟು ನಾರ್ತಿರಲಿಲ್ಲ."

"ನಾನು ಮುಟ್ಟಿಲ್ಲ ಅಂತ ಹೇಳ್ತಿದ್ದೀನಲ್ಲ!" ಮಾವನ ಸಿಹಿ ಒಮ್ಮೆಗೇ ಕರಗಿತು. "ನಾನು ಮೂವತ್ತು ವರ್ಷದಿಂದ ತಂತಿ ಕಟ್ಟೋನು. ನಾನು ಕಟ್ಟಿದ್ರೆ ಗುಳಿ ಪಕ್ಕಕ್ಕೆ ಬರೋ ಹಾಗೆ ಕಟ್ತೀನಾ? ಕೊಡಿ ಇಲ್ಲಿ!"

ಅವನು ಗಿಟಾರನ್ನು ಕಿತ್ತುಕೊಂಡ. ಗುಳಿಗಳನ್ನು ನೋಡಿದ. ಆಮೇಲೆ ದೃಷ್ಟಿ ಕೆಳಗೆ ಜಾರಿತು, ಹೊಟ್ಟೆಯ ಹಲಗೆಗೆ ಅಂಟಿಸಿದ ಮರದ ತುಂಡಿಗೆ. ತಂತಿಗಳ ತುದಿ ಗಂಟಾಗಿ ನಿಲ್ಲುವುದು ಅಲ್ಲಿ.

ನೋಡುತ್ತಲೇ ಇದ್ದ.

ಇಷ್ಟು ಹೊತ್ತು ಕೆಂಪಗಿದ್ದ ಮುಖ ನಿಧಾನಕ್ಕೆ ಬಿಳುಪೇರಿತು. ಗಿಟಾರನ್ನು ಕೂಸಿನ ಹಾಗೆ ಅವಚಿಕೊಂಡು, ತಂತಿಯ ಗಂಟುಗಳು ಯಾರಿಗೂ ಕಾಣದಂತೆ ಅಂಗೈ ಮುಚ್ಚಿದ.

"ಹೌದು," ಅಂದ. "ನಾನೇ. ನಾನೇ ಕಟ್ಟಿದ್ದು. ಬರ್ಕೊಳ್ಳಿ ಸಾಹೇಬ್ರೇ."

ಇನ್ಸ್‌ಪೆಕ್ಟರು ಎದ್ದುನಿಂತರು. ಕಲಾವಿದ ನಾಲಿಗೆ ಕಚ್ಚಿಕೊಂಡ. ಹುಡುಗಿ ಮಾವನನ್ನು ನೋಡಿದ ನೋಟಕ್ಕೆ ಹಾಲ್‌ನ ಗಾಜು ಒಡೆಯಬೇಕಿತ್ತು.

ಚೀಟಿಯಮ್ಮ ಮಾತ್ರ ಗೆದ್ದವಳ ಹಾಗಿರಲಿಲ್ಲ. ಮೂವತ್ತೊಂದು ವರ್ಷ ಕಿಟಕಿಯಾಚೆ ಸುಳ್ಳು ಹೇಳುವವರನ್ನು ಕಂಡಿದ್ದಳು. ಇಲ್ಲ ಇಲ್ಲ ಎಂದು ಕೂಗಿದವನು ಬಗ್ಗಿ ಒಂದು ವಸ್ತು ನೋಡಿ ಹೌದು ಅಂದರೆ, ಆ ವಸ್ತುವಿನಲ್ಲಿ ಅವನಿಗೆ ಬೇರೆ ಯಾರೋ ಕಂಡಿದ್ದಾರೆ. ಆ ಹುಬ್ಬೂ ಈಗ ನೆನಪಿಗೆ ಬಂತು. ಸೊಸೆ ತಪ್ಪು ಗಿಟಾರು ತೋರಿಸಿದಾಗ ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಇವನೇ ಆಗಿರಲಿ ಎಂಬ ಆಸೆಗೆ ತಾನು ಅದನ್ನು ನಾಟಕ ಅಂದುಕೊಂಡಿದ್ದಳು. ತನ್ನ ಮೇಲೇ ಒಂದಿಷ್ಟು ಹೇಸಿಗೆಯಾಯಿತು.

"ಕಲಾವಿದರೇ, ಚೀಲದಲ್ಲಿ ಒಂದು ಬಿಡಿ ತಂತಿ ಇದೆಯಾ?"

"ಇದೆ."

"ಕೊಡಿ. ಮಾವನವರೇ, ಆ ಗೋಡೆಯ ಮೇಲೆ ತಂತಿಯಿಲ್ಲದ ಒಂದು ಹಳೇ ಗಿಟಾರಿದೆಯಲ್ಲ, ಅದಕ್ಕೆ ಇದನ್ನು ಕಟ್ಟಿ."

"ಯಾಕೆ?"

"ನೀವು ಕಟ್ಟೋದನ್ನ ನೋಡೋಣ ಅಂತ."

"ನಾನು ಒಪ್ಪಿಕೊಂಡೆನಲ್ಲ!"

"ಒಪ್ಪಿಕೊಂಡ್ರಿ. ಈಗ ಕಟ್ಟಿ."

ಅವನು ತಂತಿ ಹಿಡಿದ. ಬೇಕೆಂದೇ ಬೇರೆ ಥರ ಕಟ್ಟಲು ಹೊರಟದ್ದು ಕಾಣುತ್ತಿತ್ತು. ಎರಡು ಸಲ ತುದಿ ಜಾರಿತು. ಮೂರನೇ ಸಲ ಮನಸ್ಸು ಹಿಂದೆ ಉಳಿಯಿತು, ಮೂವತ್ತು ವರ್ಷದ ಬೆರಳುಗಳು ಮುಂದೆ ಓಡಿದವು. ತೂತಿನಿಂದ ತೆಗೆದು, ಒಂದು ಸುತ್ತು ತಂದು, ತುದಿಯನ್ನು ತನ್ನ ಮೇಲೇ ಹೊಸೆದು, ಒತ್ತಿ ಬಿಟ್ಟ. ಕಣ್ಣು ಮಿಟುಕಿಸುವುದರೊಳಗೆ ಆಗಿತ್ತು.

"ನಾನೂ ಹೀಗೇ ಕಟ್ಟೋದು," ಅಂದ ಕಲಾವಿದ. "ಎಲ್ಲರೂ ಹೀಗೇ."

"ಈಗ ಇದನ್ನು ನೋಡಿ." ಚೀಟಿಯಮ್ಮ ಎರಡೂ ಗಿಟಾರುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಮಲಗಿಸಿದಳು.

ಹನ್ನೆರಡು ತಂತಿಗೂ ಒಂದೇ ಥರದ ಗಂಟು. ಎರಡು ಬಿಗಿ ಸುತ್ತು, ತುದಿ ಎಡಕ್ಕೆ ತಿರುಗಿ ಕುಣಿಕೆಯೊಳಗೆ ಹೊಕ್ಕು ಮಾಯ. ಒಂದೊಂದರ ನೆತ್ತಿಯ ಮೇಲೂ ಒಣಗಿದ ಒಂದು ಹನಿ.

ಕಲಾವಿದ ಉಗುರಿನಿಂದ ಕೆರೆದ. "ಅಂಟು! ನುಡಿಸುವಾಗಲೇ ಗಂಟು ವಿಚಿತ್ರ ಅನ್ನಿಸಿತ್ತು, ನಂಗ್ಯಾಕೆ ಅಂತ ಸುಮ್ಮನಾದೆ. ಗಿಟಾರಿನ ತಂತಿಗೆ ಯಾವ ಹುಚ್ಚ ಅಂಟು ಹಾಕ್ತಾನೆ?"



ಹುಡುಗಿ ಮೇಜಿನ ಹತ್ತಿರ ಬಂದು ನಿಂತಳು. ಆ ಗಂಟುಗಳನ್ನು ನೋಡಿದಳು. ಆಮೇಲೆ ಚೀಟಿಯಮ್ಮನ ಕೈಯಿಂದ ತನ್ನ ನೋಟ್‌ಬುಕ್ಕನ್ನು ತೆಗೆದುಕೊಂಡು, ನಡುಹಾಳೆ ಬಿಡಿಸಿದಳು. ಹೊಲಿಗೆ ಮುಗಿಯುವ ಜಾಗದಲ್ಲಿ ಬಿಳಿ ನೂಲು ಎರಡು ಸುತ್ತು ಸುತ್ತಿ, ಎಡಕ್ಕೆ ತಿರುಗಿ, ಕುಣಿಕೆಯೊಳಗೆ ಹೊಕ್ಕಿತ್ತು. ಮೇಲೊಂದು ಹನಿ ಅಂಟು. ಒಂದನೇ ಕ್ಲಾಸಿನಿಂದ ಇವತ್ತಿನವರೆಗೆ ಅವಳು ಬರೆದ ಪ್ರತಿ ಪುಸ್ತಕದ ನಡುವೆಯೂ ಆ ಗಂಟಿತ್ತು. ಬೇಸರವಾದಾಗ ಬೆರಳಿನಿಂದ ಸವರುತ್ತ ಕೂರುವುದು ಅವಳ ಅಭ್ಯಾಸ.

ಈಗ ಬೆರಳು ಅಲ್ಲಿಗೆ ಹೋಗಲಿಲ್ಲ. ಪುಸ್ತಕವನ್ನು, ಏನೋ ಮೆತ್ತಿಕೊಂಡದ್ದನ್ನು ಹಿಡಿದ ಹಾಗೆ, ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲಿಟ್ಟಳು.

"ಅಮ್ಮ," ಅಂದಳು. "ನಿನ್ನೆ ಬೇಗ ಮಲಗು ಅಂತ ಹಾಲು ಕೊಟ್ಟೆಯಲ್ಲ..."

ತಾಯಿ ಬಾಗಿಲ ಹತ್ತಿರವೇ ನಿಂತಿದ್ದಳು. ಕೈಯಲ್ಲಿ ಮಗಳಿಗೆಂದು ಬಗ್ಗಿಸಿದ ನೀರಿನ ಲೋಟ.

"ಅಕ್ಕಾ, ಸುಮ್ನಿರು!" ಎಂದು ಮಾವ ಕೂಗಿದ. "ನಾನು ಹೇಳಾಯ್ತು. ನಾನೇ ಅಂತ ಹೇಳಾಯ್ತು. ನೀನು ಬಾಯಿ ಬಿಡಬೇಡ."

"ನೀನು ಅವರ ಗಿಟಾರಿನ ಆಸೆಗೆ ನಿನ್ನದನ್ನು ಅವರ ಮೈಯಡಿ ಇಟ್ಟು ಅದಲು ಬದಲು ಮಾಡಿದೆ. ಅಷ್ಟೇ ನೀನು ಮಾಡಿದ್ದು," ಅಂದಳು ಅವಳು ತಮ್ಮನಿಗೆ. ಬೆಳಗಿನಿಂದ ಮೊದಲ ಸಲ ಅವಳ ದನಿ ಕೇಳಿಸಿತು. ಅಂಗಡಿಯವನಿಗೆ ಚಿಲ್ಲರೆ ಹೇಳುವಷ್ಟು ಸಮಾಧಾನವಾಗಿತ್ತು. "ನಿಂಗೆ ಇನ್ನೂ ಸಾಕಾಗಲಿಲ್ವಾ?"

ಆ ಸಮಾಧಾನ ಕೇಳಿ ಚೀಟಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟು ಹೊತ್ತು ಮಾವನ ಕರ್ಚೀಫಿಗೆ, ಸಿಹಿ ಮಾತಿಗೆ ಅಸಹ್ಯಪಟ್ಟಿದ್ದೆಲ್ಲ ಈಗ ಮಕ್ಕಳಾಟದ ಹಾಗೆ ಕಂಡಿತು. ಗಂಡನ ಬೆವರು ಮೆತ್ತಿದ ತಂತಿಗಳನ್ನು ಒಂದೊಂದಾಗಿ ಬಿಚ್ಚಿ, ಒಂದೊಂದಾಗಿ ಕಟ್ಟಿ, ಒಂದೊಂದಕ್ಕೂ ಮರೆಯದೆ ಅಂಟಿಟ್ಟ ಕೈ ಅದು. ಬೆಳಗಾದ ಮೇಲೆ ಅದೇ ಕೈ ಪರದೆ ಕಟ್ಟಲು ಬೆಡ್‌ಶೀಟು ತಂದುಕೊಟ್ಟಿತ್ತು.

"ನೀನು ತಪ್ಪು ಗಿಟಾರು ತೋರಿಸಿದ್ಮೇಲೆ ಎಲ್ಲಾ ಇವತ್ತಿಗೇ ಮುಗೀಬೇಕಿತ್ತು," ಎಂದಳು ತಾಯಿ ಮಗಳಿಗೆ. "ನಿನ್ನ ಒಳ್ಳೇದಕ್ಕೇ ಮಾಡಿದ್ದು. ನೀರು ಕುಡಿ."

ಲೋಟ ಮುಂದೆ ಚಾಚಿದಳು. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಇನ್ನೊಂದು.

"ಮಾವ ಅಪ್ಪನ್ನ ತಳ್ಳಿದ್ನಾ ಅಮ್ಮ?"

"ಅವನಾ?" ತಾಯಿ ತಮ್ಮನನ್ನು ನೋಡಿ, ಮಗಳನ್ನು ನೋಡಿ, ಲೋಟವನ್ನು ಮೇಜಿನ ಮೇಲಿಟ್ಟಳು. "ನಿಮ್ಮಪ್ಪ ಬಿದ್ದಾಗ ಅವನು ಮನೆಯಲ್ಲೇ ಇರಲಿಲ್ಲ. ನಾನು ಕರೆದ ಮೇಲೆ ಬಂದಿದ್ದು."

ಇನ್ಸ್‌ಪೆಕ್ಟರು ಬಾಗಿಲಿಗೆ ಅಡ್ಡ ನಿಂತರು. ಹೊರಗೆ ಜೀಪಿನಿಂದ ಫೈಲು ತಂದ ಪೇದೆ ಒಳಗೆ ಬರಬೇಕೋ ಬೇಡವೋ ಎಂದು ತಿಳಿಯದೆ ನಿಂತಿದ್ದ.

ಚೀಟಿಯಮ್ಮ ಮೇಜಿನ ಮೇಲಿನ ಒಂದನೇ ನಂಬರಿನ ಗಿಟಾರಿನಿಂದ ಚೀಟಿ ಬಿಚ್ಚಿದಳು. ಹಿಂಬದಿಗೆ ಹುಡುಗಿಯ ಹೆಸರು ಬರೆದು ಮತ್ತೆ ಕಟ್ಟಿದಳು. ಅಷ್ಟೇ ಅವಳ ಕೈಯಲ್ಲಿದ್ದದ್ದು.

ಹುಡುಗಿಗೆ ಅಪ್ಪನ ಗಿಟಾರು ಸಿಕ್ಕಿತು. ಅಮ್ಮನನ್ನು ಕಳೆದುಕೊಂಡಳು.